ಕ್ಯಾಲೆಂಡರ್ ಎತ್ತಿ ನೋಡುವವರು ಬರುತ್ತಾರೆ: ಮನೆ ಮಾರುವ ಮುಂಚೆ ಮಾಡಬೇಕಾದ ಕೆಲಸಗಳು

ಬೆಂಗಳೂರಿನ ಬನಶಂಕರಿ ಎರಡನೇ ಸ್ಟೇಜಿನಲ್ಲಿದ್ದ ನಮ್ಮ ಅತ್ತೆಯ ಮನೆಯನ್ನು ಮಾರೋಣ ಅಂತ ತೀರ್ಮಾನವಾಗಿತ್ತು. ಥರ್ಟಿ-ಫಾರ್ಟಿ ಸೈಟು, ಕೆಳಗೆ ಎರಡು ರೂಮಿನ ಮನೆ, ಮೇಲೆ ಬಾಡಿಗೆಗೆ ಒಂದು ಚಿಕ್ಕ ಮನೆ. ಮೊದಲ ಭಾನುವಾರವೇ ಒಂದು ಕುಟುಂಬ ನೋಡಲು ಬಂತು. ಗಂಡ-ಹೆಂಡತಿ ಹಾಲ್ ನೋಡಿ ಖುಷಿಯಾಗಿ ತಲೆಯಾಡಿಸುತ್ತಿದ್ದರು. ಜೊತೆಗೆ ಬಂದಿದ್ದ ಅಜ್ಜಿ ಮಾತ್ರ ಸೀದಾ ಪ್ಯಾಸೇಜಿನ ಗೋಡೆ ಹತ್ತಿರ ಹೋಗಿ, ಅಲ್ಲಿದ್ದ ದೊಡ್ಡ ಕ್ಯಾಲೆಂಡರನ್ನು ಒಂದು ಬೆರಳಲ್ಲಿ ಎತ್ತಿದರು. ಹಿಂದೆ ಎರಡು ಅಂಗೈ ಅಗಲದಷ್ಟು ಬಣ್ಣ ಎದ್ದು ಹಪ್ಪಳವಾಗಿತ್ತು. ಗೋಡೆ ಬಿಳಿ ಉಪ್ಪು ಬಿಟ್ಟಿತ್ತು.

"ಇಲ್ಲಿ ನೀರು ಇಳಿಯುತ್ತೇನಮ್ಮಾ?" ಅಂದರು.

ನಾನು ಏನೋ ತೊದಲಿದೆ. ಸೊಂಟದ ಎತ್ತರಕ್ಕೆ ಯಾರಾದರೂ ಕ್ಯಾಲೆಂಡರ್ ಹಾಕುತ್ತಾರಾ? ಅಜ್ಜಿಗೆ ಅನುಮಾನ ಬಂದದ್ದೇ ಅಲ್ಲಿ. ಆಮೇಲೆ ಅವರು ಸಂಪಿನ ಮುಚ್ಚಳ ತೆಗೆಸಿದರು, ಬಚ್ಚಲಿನ ನಲ್ಲಿ ತಿರುಗಿಸಿದರು, ಮಂಚದ ಕೆಳಗೆ ಬಗ್ಗಿ ನೋಡಿದರು. ಆ ಕುಟುಂಬ ಮತ್ತೆ ಬರಲಿಲ್ಲ.

ಮನೆ ಅಲಂಕಾರ ಮಾಡಿ ತೋರಿಸುವುದಕ್ಕೆ ಈಗ 'ಸ್ಟೇಜಿಂಗ್' ಅಂತ ಹೆಸರು ಬಂದಿದೆ. ಬಾಡಿಗೆಗೆ ಸೋಫಾ, ಕುಂಡ, ಪೇಂಟಿಂಗ್ ಎಲ್ಲ ತಂದಿಡುವವರೂ ಇದ್ದಾರೆ. ಬೇಡ ಅನ್ನಲ್ಲ. ಆದರೆ ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಮೊದಲು ನೋಡುವುದು ನೀರು, ಬೆಳಕು, ಕಾಗದಪತ್ರ. ಈ ಮೂರನ್ನು ಸರಿ ಮಾಡದೆ ಕುಶನ್ ಜೋಡಿಸಿದರೆ ಅದು ನಮ್ಮ ಕ್ಯಾಲೆಂಡರಿನ ಥರಾನೇ.

ಮೊದಲು ಗೋಡೆ, ಆಮೇಲೆ ಬಣ್ಣ

ಎಲ್ಲರೂ ಮಾಡುವ ತಪ್ಪು ಅಂದರೆ ಪೇಂಟರನ್ನು ಮೊದಲು ಕರೆಯುವುದು. ತೇವ ಇರುವ ಗೋಡೆಗೆ ಪುಟ್ಟಿ ಬಳಿದು ಬಣ್ಣ ಹೊಡೆದರೆ ಮುಂದಿನ ಮಳೆಗೇ ಎದ್ದು ಬರುತ್ತದೆ. ಕೆಲವೊಮ್ಮೆ ಮನೆ ಮಾರಾಟವಾಗುವ ಮುಂಚೆಯೇ!

ನೀರು ಎಲ್ಲಿಂದ ಬರುತ್ತಿದೆ ಅಂತ ಮೊದಲು ಕಂಡುಹಿಡಿಯಿರಿ. ಸುಲಭದ ಪರೀಕ್ಷೆ ಒಂದಿದೆ. ಒಂದು ಪ್ಲಾಸ್ಟಿಕ್ ಹಾಳೆಯನ್ನು ಗೋಡೆಗೆ ಒತ್ತಿ, ನಾಲ್ಕೂ ಅಂಚಿಗೆ ಟೇಪ್ ಹಚ್ಚಿ ಒಂದೆರಡು ದಿನ ಬಿಡಿ. ಹಾಳೆಯ ಒಳಬದಿಯಲ್ಲಿ, ಅಂದರೆ ಗೋಡೆಯ ಕಡೆ, ಹನಿ ಕಟ್ಟಿದರೆ ತೇವ ಗೋಡೆಯೊಳಗೇ ಇದೆ ಅಂತ ಅರ್ಥ. ಹೊರಬದಿಯಲ್ಲಿ ಮಾತ್ರ ಕಟ್ಟಿದರೆ ಅದು ಕೋಣೆಯ ಗಾಳಿಯ ತೇವ. ಕಿಟಕಿ ತೆರೆದಿಟ್ಟರೆ ಸಾಕು.

ಕಲೆ ಎಲ್ಲಿದೆ ಅನ್ನುವುದೂ ಸುಳಿವು ಕೊಡುತ್ತದೆ. ಸೂರಿನ ಹತ್ತಿರ ಇದ್ದರೆ ತಾರಸಿಯನ್ನೋ ಪ್ಯಾರಾಪೆಟ್ ಗೋಡೆ ಸೇರುವ ಮೂಲೆಯನ್ನೋ ನೋಡಿ. ಸೊಂಟದ ಎತ್ತರದಲ್ಲಿದ್ದು ಗೋಡೆಯ ಆಚೆ ಬಚ್ಚಲುಮನೆ ಇದ್ದರೆ ಪೈಪಿನ ಮೇಲೆ ಅನುಮಾನ ಇಡಿ. ನಮ್ಮದು ಅದೇ ಆಗಿತ್ತು. ನಲ್ಲಿಯ ಹಿಂದಿನ ಜಾಯಿಂಟಿನಲ್ಲಿ ಹನಿ ಹನಿ ಜಿನುಗುತ್ತಿತ್ತು. ಪ್ಲಂಬರಿಗೆ ಅರ್ಧ ದಿನದ ಕೆಲಸ. ಅಷ್ಟಕ್ಕೆ ನಾವು ನಾಲ್ಕು ವರ್ಷ ಕ್ಯಾಲೆಂಡರ್ ಬದಲಾಯಿಸಿಕೊಂಡು ಬಂದಿದ್ದೆವು.

ತಾರಸಿ ಬಗ್ಗೆ ಅನುಮಾನ ಇದ್ದರೆ ನೀರು ಹೋಗುವ ತೂತುಗಳನ್ನು ಬಟ್ಟೆ ತುರುಕಿ ಮುಚ್ಚಿ, ಎರಡು ಇಂಚು ನೀರು ನಿಲ್ಲಿಸಿ. ಒಂದು ದಿನ ಪೂರ್ತಿ ಬಿಟ್ಟು ಕೆಳಗಿನ ಸೂರು ನೋಡಿ. ತುಂಬ ಹಳೆಯ ಕಟ್ಟಡವಾದರೆ ಮೇಸ್ತ್ರಿಯನ್ನು ಒಂದು ಮಾತು ಕೇಳಿ ಮಾಡಿ.

ರಿಪೇರಿ ಆದಮೇಲೆ ಉದುರಿದ ಗಾರೆ ಕೆತ್ತಿಸಿ, ಹೊಸ ಗಾರೆ ಹಾಕಿಸಿ, ಕ್ಯೂರಿಂಗ್ (ನೀರು ಹಾಕಿ ಗಾರೆ ಗಟ್ಟಿ ಮಾಡುವುದು) ಮುಗಿದ ಮೇಲೂ ಎರಡು ಮೂರು ವಾರ ಒಣಗಲು ಬಿಡಿ. ಆಮೇಲೆ ಪ್ರೈಮರ್, ಆಮೇಲೆ ಬಣ್ಣ. ಬೆಂಗಳೂರಿನಲ್ಲಿ ಜೋರು ಮಳೆ ಜಾಸ್ತಿ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಗೋಡೆ ಕೆಲಸಕ್ಕೆ ಜನವರಿಯಿಂದ ಮಾರ್ಚ್ ಒಳ್ಳೆಯ ಕಾಲ. ಹೇಗೂ ಆಷಾಢದಲ್ಲಿ, ಪಿತೃಪಕ್ಷದಲ್ಲಿ ಮನೆ ನೋಡಲು ಬರುವವರೇ ಕಡಿಮೆ. ಆ ದಿನಗಳನ್ನು ಒಳಗಿನ ಕೆಲಸಕ್ಕೆ, ಕಾಗದ ಜೋಡಿಸುವುದಕ್ಕೆ ಇಟ್ಟುಕೊಳ್ಳಿ.

ಬಣ್ಣ ಯಾವುದು? ತಿಳಿ ಕೆನೆ ಬಣ್ಣ, ಮಾಸಲು ಬಿಳಿ, ಅಷ್ಟೇ. ಮಗಳ ಕೋಣೆಯ ನೇರಳೆ ಗೋಡೆ ನಿಮಗೆ ಮುದ್ದು. ಕೊಳ್ಳುವವರಿಗೆ ಅದು ಇನ್ನೊಂದು ಖರ್ಚು.

ರಿಪೇರಿ ಮಾಡಿಸಿದ ಬಿಲ್ ಇಟ್ಟುಕೊಳ್ಳಿ. ಕೇಳುವ ಮೊದಲೇ ತೋರಿಸಿ, "ಇಲ್ಲಿ ಪೈಪ್ ಸೋರುತ್ತಿತ್ತು, ಬದಲಾಯಿಸಿದ್ದೇವೆ" ಅನ್ನಿ. ನಾವು ಎರಡನೇ ಸುತ್ತಿನಲ್ಲಿ ಹೀಗೆ ಮಾಡಿದಾಗ ಬಂದವರ ಮುಖ ಸಡಿಲಾದದ್ದನ್ನು ನೋಡಿದ್ದೇನೆ.

ಗುಜರಿಯವನಿಗೆ ಫೋನ್ ಮಾಡಿ

ಮನೆ ದೊಡ್ಡದಾಗಿ ಕಾಣಿಸಬೇಕಾದರೆ ಏನೂ ತರಬೇಡಿ, ಇರುವುದನ್ನು ಹೊರಗೆ ಹಾಕಿ. ಅತ್ತೆಯ ಮನೆಯಲ್ಲಿ ಬೀರುವಿನ ಮೇಲೆ ಮೂರು ಸೂಟ್‌ಕೇಸ್, ಅಟ್ಟದಲ್ಲಿ ಮದುವೆಗೆ ಬಂದ ಸ್ಟೀಲ್ ಡಬ್ಬಿಗಳು, ಮೆಟ್ಟಿಲ ಕೆಳಗೆ ಮೊಮ್ಮಗನ ಮುರಿದ ಸೈಕಲ್. ಇನ್ನು ಹಾಲಿನ ಶೋಕೇಸ್! ಚನ್ನಪಟ್ಟಣದ ಗೊಂಬೆಗಳ ಪಕ್ಕ ತಿರುಪತಿಯ ಫೋಟೊ, ಅದರ ಪಕ್ಕ ಶಾಲೆಯ ಬಹುಮಾನದ ಕಪ್, ಅದರ ಹಿಂದೆ ಔಷಧಿ ಚೀಟಿಗಳು.

ಒಂದು ಕೋಣೆಗೆ ಒಂದು ದಿನ ಅಂತ ಇಟ್ಟುಕೊಳ್ಳಿ. ಜೊತೆಗೆ ಒಯ್ಯುವುದು, ನೆಂಟರಿಗೆ ಕೊಡುವುದು, ಗುಜರಿಗೆ ಹಾಕುವುದು ಅಂತ ಮೂರು ರಾಶಿ ಮಾಡಿ. ಅತ್ತೆಯಂಥ ಹಿರಿಯರಿದ್ದರೆ ಅವರನ್ನು ಕೂರಿಸಿಕೊಂಡೇ ಮಾಡಿ. ಅವರಿಲ್ಲದಾಗ ಎಸೆದರೆ ಆಮೇಲೆ ಒಂದು ಚಮಚಕ್ಕೂ ಜಗಳ. ದಸರಾ ಗೊಂಬೆಯ ಟ್ರಂಕನ್ನು ನಮ್ಮ ಮನೆಗೆ ಸಾಗಿಸಿದ ಮೇಲೇ ಅತ್ತೆ ಉಳಿದದ್ದಕ್ಕೆ ಒಪ್ಪಿದ್ದು.

ಗೋಡೆಯ ಮೇಲಿನ ಕುಟುಂಬದ ಫೋಟೊ ಮುಕ್ಕಾಲು ಭಾಗ ಇಳಿಸಿ. ಬಂದವರು ನಿಮ್ಮ ಮದುವೆ ಆಲ್ಬಂ ನೋಡುವ ಬದಲು ತಮ್ಮ ಟಿವಿ ಎಲ್ಲಿ ಇಡಬಹುದು ಅಂತ ನೋಡಲಿ. ದೇವರಮನೆ ಮಾತ್ರ ಹಾಗೇ ಇರಲಿ. ಚೊಕ್ಕವಾಗಿ ಒರೆಸಿ, ಎಣ್ಣೆ ಜಿಡ್ಡು ತೆಗೆದು, ಒಂದು ದೀಪ, ಎರಡು ಹೂವು ಇಟ್ಟರೆ ಸಾಕು. ಬೆಳ್ಳಿ ಸಾಮಾನು ಅಲ್ಲಿ ಬಿಡಬೇಡಿ. ಒಡವೆ, ಬ್ಯಾಂಕ್ ಕಾಗದ, ಆಧಾರ್ ಎಲ್ಲ ಬೀರುವಿನೊಳಗೆ ಬೀಗ ಹಾಕಿ.

ನಮ್ಮ ಹಾಲಿನಲ್ಲಿ ಕೊನೆಗೆ ಉಳಿದದ್ದು ಎರಡು ಕುರ್ಚಿ, ಒಂದು ಚಿಕ್ಕ ಸೋಫಾ ಮತ್ತು ಸೂರಿಗೆ ತೂಗುಹಾಕಿದ ಹಳೆಯ ತೇಗದ ಉಯ್ಯಾಲೆ. ಉಯ್ಯಾಲೆಯ ಕಥೆ ಆಮೇಲೆ ಹೇಳುತ್ತೇನೆ.

ಬೆಳಕು: ಮೆಶ್ ತೊಳೆಯಿರಿ

ನಮ್ಮ ಮನೆಗಳು ಕತ್ತಲಾಗಿ ಕಾಣುವುದಕ್ಕೆ ದೊಡ್ಡ ಕಾರಣ ಕಿಟಕಿಯ ಸೊಳ್ಳೆ ಮೆಶ್. ರಸ್ತೆಯ ಧೂಳು ಕೂತು ಅದು ಬೂದು ಬಟ್ಟೆಯಾಗಿರುತ್ತದೆ. ಬಿಚ್ಚಿ, ಸೋಪಿನ ನೀರಿನಲ್ಲಿ ಮೆತ್ತನೆಯ ಬ್ರಶ್ಶಿನಿಂದ ಉಜ್ಜಿ ತೊಳೆದರೆ ಕೋಣೆಯೇ ಬೇರೆ ಕಾಣುತ್ತದೆ. ನಾನು ಒಂದು ಕಿಟಕಿಯದ್ದು ತೊಳೆದು ಪಕ್ಕದ್ದನ್ನು ಹಾಗೇ ಬಿಟ್ಟು ನೋಡಿದೆ. ಒಂದರಲ್ಲಿ ಎದುರು ಮನೆಯ ಹೊಂಗೆ ಮರ ಕಾಣುತ್ತಿತ್ತು, ಇನ್ನೊಂದರಲ್ಲಿ ಮಂಜು.

ಒಂದೇ ಕೋಣೆಯಲ್ಲಿ ಒಂದು ಹಳದಿ ಬಲ್ಬು, ಒಂದು ನೀಲಿ ಬಿಳಿ ಟ್ಯೂಬ್‌ಲೈಟ್ ಬೇಡ. ಹಾಲಿಗೆ, ಮಲಗುವ ಕೋಣೆಗೆ 3000 ಕೆಲ್ವಿನ್ ಅಂತ ಬರೆದಿರುವ ಬೆಚ್ಚನೆಯ ಬೆಳಕು, ಅಡುಗೆಮನೆಗೆ 4000 ಕೆಲ್ವಿನ್ ಚೆನ್ನಾಗಿರುತ್ತದೆ. ದಪ್ಪ ಪರದೆ ತೆಗೆದು ತೆಳುವಾದದ್ದು ಹಾಕಿ.

ನೆಲ ರೆಡ್ ಆಕ್ಸೈಡ್ ಆಗಿದ್ದರೆ ಅದರ ಮೇಲೆ ಟೈಲ್ಸ್ ಹಾಕಿಸಲು ಹೋಗಬೇಡಿ, ದಯವಿಟ್ಟು. ಆ ಕೆಂಪು ನೆಲ ಈಗ ಹುಡುಕಿದರೂ ಸಿಗುವುದಿಲ್ಲ. ಮೇಣದ ಪಾಲಿಶ್ ತೆಳುವಾಗಿ ಉಜ್ಜಿಸಿ. ಕೊಬ್ಬರಿ ಎಣ್ಣೆ ಜಾಸ್ತಿ ಸುರಿದರೆ ಮನೆ ನೋಡಲು ಬಂದವರು ಜಾರಿ ಬಿದ್ದಾರು.

ಅಡುಗೆಮನೆ, ಬಚ್ಚಲು ಮತ್ತು ವಾಸನೆ

ಬೋರ್ ನೀರು ಬಳಸುವ ಮನೆಗಳಲ್ಲಿ ನಲ್ಲಿ, ಟೈಲ್ಸ್ ಮೇಲೆ ಬಿಳಿ ಪದರ ಕಟ್ಟಿರುತ್ತದೆ. ಅದು ಸುಣ್ಣದಂಶ. ವಿನಿಗರ್‌ನಲ್ಲಿ ಅದ್ದಿದ ಬಟ್ಟೆಯನ್ನು ನಲ್ಲಿಗೆ ಸುತ್ತಿ ಅರ್ಧ ಗಂಟೆ ಬಿಟ್ಟು ಉಜ್ಜಿದರೆ ಬಿಡುತ್ತದೆ. ಮಾರ್ಬಲ್, ಮೊಸಾಯಿಕ್ ನೆಲಕ್ಕೆ ಮಾತ್ರ ವಿನಿಗರ್, ಆಸಿಡ್ ತಾಗಿಸಬೇಡಿ, ಹೊಳಪು ತಿಂದುಬಿಡುತ್ತದೆ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಎಂದೂ ಬೆರೆಸಬೇಡಿ. ವಿಷದ ಕ್ಲೋರಿನ್ ಗಾಳಿ ಏಳುತ್ತದೆ.

ಖಾಲಿ ಬಿಟ್ಟ ಮನೆಯಲ್ಲಿ ಮೋರಿ ವಾಸನೆ ಬರುವುದು ಯಾಕೆ ಗೊತ್ತಾ? ಬಚ್ಚಲಿನ ನಹಾನಿ ಟ್ರ್ಯಾಪಿನಲ್ಲಿ, ಅಂದರೆ ನೀರು ಹೋಗುವ ಜಾಲರಿಯ ಕೆಳಗಿನ ಬಟ್ಟಲಿನಲ್ಲಿ, ಸದಾ ಸ್ವಲ್ಪ ನೀರು ನಿಂತಿರಬೇಕು. ಕೆಳಗಿನ ಗಾಳಿಯನ್ನು ತಡೆಯುವುದೇ ಆ ನೀರು. ಬಳಸದಿದ್ದರೆ ಅದು ಒಣಗುತ್ತದೆ. ಎರಡು ಮೂರು ದಿನಕ್ಕೊಮ್ಮೆ ಒಂದೊಂದು ಚೊಂಬು ನೀರು ಸುರಿದರೆ ವಾಸನೆ ಇಲ್ಲ. ಊದುಬತ್ತಿ ನಾಲ್ಕು ಹಚ್ಚಿದರೆ ಬಂದವರಿಗೆ ಇನ್ನೂ ಅನುಮಾನ. ಏನು ಮುಚ್ಚಿಡುತ್ತಿದ್ದಾರೆ ಅಂತ ಮೂಗು ಎಳೆಯುತ್ತಾರೆ.

ಜನ ಬರುವ ದಿನ ಮೀನು, ಬೆಳ್ಳುಳ್ಳಿ ಒಗ್ಗರಣೆ ಬೇಡ. ಬೆಳಿಗ್ಗೆ ಫಿಲ್ಟರಿಗೆ ಕಾಫಿಪುಡಿ ಹಾಕಿ ಡಿಕಾಕ್ಷನ್ ಇಳಿಸಿ. ಆ ಘಮಕ್ಕೆ ಬೇಡ ಅನ್ನುವವರನ್ನು ನಾನಂತೂ ನೋಡಿಲ್ಲ.

ನೀರಿನ ಪ್ರಶ್ನೆಗೆ ಉತ್ತರ ಸಿದ್ಧವಿರಲಿ

2024ರ ಬೇಸಿಗೆಯಲ್ಲಿ ಟ್ಯಾಂಕರ್ ಹಿಂದೆ ಓಡಿದ ಊರು ಇದು. ಹಾಗಾಗಿ "ಕಾವೇರಿ ಇದೆಯಾ?" ಅನ್ನುವ ಪ್ರಶ್ನೆ "ಎಷ್ಟು ಹೇಳುತ್ತಿದ್ದೀರಿ?" ಅನ್ನುವುದಕ್ಕಿಂತ ಮೊದಲು ಬರುತ್ತದೆ. ಕಾವೇರಿ ನೀರು ವಾರಕ್ಕೆ ಎಷ್ಟು ಸಲ, ಯಾವ ಹೊತ್ತಿಗೆ ಬರುತ್ತದೆ, ಸಂಪ್ ಎಷ್ಟು ಲೀಟರಿನದು, ಬೋರ್‌ವೆಲ್ ಎಷ್ಟು ಅಡಿ, ಬೇಸಿಗೆಯಲ್ಲಿ ನೀರಿತ್ತಾ ಅನ್ನುವುದನ್ನು ಒಂದು ಹಾಳೆಯಲ್ಲಿ ಬರೆದಿಡಿ. ಸುಳ್ಳು ಬೇಡ. ಪಕ್ಕದ ಮನೆಯವರನ್ನು ಕೇಳಿಯೇ ಕೇಳುತ್ತಾರೆ. ಸಂಪ್, ಓವರ್‌ಹೆಡ್ ಟ್ಯಾಂಕ್ ತೊಳೆಸಿ. ಮಳೆನೀರು ಕೊಯ್ಲಿನ ಫಿಲ್ಟರ್ ಇದ್ದರೆ ಅದರಲ್ಲಿ ತುಂಬಿದ ಎಲೆ ತೆಗೆದು ತೋರಿಸುವ ಹಾಗೆ ಇಡಿ.

ಕಾಗದಪತ್ರದ ಫೈಲ್

ಮೂಲಪತ್ರಗಳು, ಕ್ರಯಪತ್ರ, ಮಂಜೂರಾದ ನಕ್ಷೆ, ಇಸಿ (ಆಸ್ತಿಯ ಮೇಲೆ ಸಾಲ, ಋಣ ಇದೆಯಾ ಅಂತ ತೋರಿಸುವ ಪತ್ರ), ಇ-ಖಾತಾ (ಪಾಲಿಕೆಯ ಡಿಜಿಟಲ್ ಆಸ್ತಿ ದಾಖಲೆ), ಆಸ್ತಿ ತೆರಿಗೆ ರಸೀದಿ, ಕರೆಂಟು ಮತ್ತು ನೀರಿನ ಬಿಲ್, ಸಾಲ ತೀರಿಸಿದ್ದರೆ ಬ್ಯಾಂಕಿನ ಪತ್ರ. ಇಷ್ಟರ ಜೆರಾಕ್ಸ್ ಒಂದು ಫೈಲಿನಲ್ಲಿರಲಿ. ಇಸಿಯನ್ನು ನೋಂದಣಿ ಇಲಾಖೆಯ ಕಾವೇರಿ 2.0 ಜಾಲತಾಣದಲ್ಲೇ ಅರ್ಜಿ ಹಾಕಿ ಪಡೆಯಬಹುದು. 2024ರ ಅಕ್ಟೋಬರಿನಿಂದ ನಗರದಲ್ಲಿ ನೋಂದಣಿಗೆ ಇ-ಖಾತಾ ಬೇಕೇ ಬೇಕು. ಅದರಲ್ಲಿ ಹೆಸರು, ಅಳತೆ, ಚೆಕ್ಕುಬಂದಿ (ನಾಲ್ಕೂ ದಿಕ್ಕಿನ ಗಡಿ) ಕ್ರಯಪತ್ರಕ್ಕೆ ಹೊಂದುತ್ತವೆಯಾ ಅಂತ ಅಕ್ಷರ ಅಕ್ಷರ ನೋಡಿ. ಅತ್ತೆಯ ಹೆಸರು ಒಂದು ಕಡೆ 'ಲಕ್ಷ್ಮಮ್ಮ', ಇನ್ನೊಂದು ಕಡೆ 'ಲಕ್ಷ್ಮೀದೇವಮ್ಮ' ಆಗಿತ್ತು. ಸರಿಪಡಿಸಲು ಬಣ್ಣ ಹೊಡೆಸಿದ್ದಕ್ಕಿಂತ ಜಾಸ್ತಿ ದಿನ ಹಿಡಿಯಿತು. ತಂದೆ-ತಾಯಿಯ ಹೆಸರಲ್ಲೇ ಉಳಿದಿರುವ ಮನೆಯಾದರೆ ವಂಶವೃಕ್ಷ, ಖಾತಾ ಬದಲಾವಣೆ ಎಲ್ಲ ಮುಗಿಸಿಯೇ ಜಾಹೀರಾತು ಕೊಡಿ. ಫ್ಲ್ಯಾಟ್ ಆದರೆ ಒಸಿ (ಕಟ್ಟಡದಲ್ಲಿ ವಾಸಿಸಬಹುದು ಅನ್ನುವ ಪ್ರಮಾಣಪತ್ರ) ಮತ್ತು ಅಸೋಸಿಯೇಷನ್ ಬಾಕಿ ಇಲ್ಲ ಅನ್ನುವ ಪತ್ರವೂ ಬೇಕು.

ಮನೆ ನೋಡಲು ಬಂದ ಎಲ್ಲರಿಗೂ ಕಾಗದದ ಪ್ರತಿ ಹಂಚಬೇಡಿ. ಮಾತು ಮುಂದುವರಿದವರಿಗೆ ಮಾತ್ರ, ಅದೂ ಯಾವ ಕೆಲಸಕ್ಕೆ ಅಂತ ಅಡ್ಡಲಾಗಿ ಬರೆದು ಕೊಡಿ.

ಫೋಟೊ, ಆಮೇಲೆ ಭೇಟಿ

ಫೋಟೊಗೆ ಬೆಳಗಿನ ಹತ್ತು ಗಂಟೆ ಸುಮಾರಿಗೆ ಎಲ್ಲ ದೀಪ ಹಾಕಿ, ಕೋಣೆಯ ಮೂಲೆಯಲ್ಲಿ ನಿಂತು, ಫೋನನ್ನು ಅಡ್ಡ ಹಿಡಿದು ಎದೆಯ ಎತ್ತರದಿಂದ ತೆಗೆಯಿರಿ. ಕಮೋಡ್ ಮುಚ್ಚಿರಲಿ, ಒಣಹಾಕಿದ ಬಟ್ಟೆ ಕಾಣದಿರಲಿ. ಗೇಟಿನ ಹೆಸರಿನ ಫಲಕ, ಗಾಡಿ ನಂಬರ್ ಚಿತ್ರದಲ್ಲಿ ಬೇಡ.

ಭೇಟಿಗೆ ಭಾನುವಾರ ಬೆಳಿಗ್ಗೆ ಒಳ್ಳೆಯದು. ಸಂಜೆ ನಾಲ್ಕೂವರೆಯಿಂದ ಆರರವರೆಗೆ ರಾಹುಕಾಲ ಅಂತ ಹಲವರು ಬರುವುದೇ ಇಲ್ಲ. ವಾಸ್ತು ಕೇಳುತ್ತಾರೆ, ಕೇಳಲಿ. ಬಾಗಿಲು ಯಾವ ದಿಕ್ಕು, ಒಲೆ ಎಲ್ಲಿ ಅಂತ ಇದ್ದದ್ದು ಹೇಳಿ. ಮಾರುವ ಮನೆಯ ಗೋಡೆ ಒಡೆಸಿ ಅಡುಗೆಮನೆಯನ್ನು ಆಗ್ನೇಯಕ್ಕೆ ತರುವುದು ದುಡ್ಡು ದಂಡ ಅಂತ ನನ್ನ ಅಭಿಪ್ರಾಯ. ಬಂದವರ ಹಿಂದೆ ಹಿಂದೆ ಓಡಾಡಬೇಡಿ. ಒಂದು ಸುತ್ತು ತೋರಿಸಿ, ಆಮೇಲೆ ಹೊರಗೆ ಕೂತುಕೊಳ್ಳಿ. ಅವರು ಅವರೊಳಗೆ ಮಾತಾಡಿಕೊಳ್ಳಬೇಕು, ಅಲ್ವಾ?

ಮಾತು ಕುದುರಿದ ಮೇಲೆ ಮನೆಯಲ್ಲಿ ಏನೇನು ಬಿಟ್ಟು ಹೋಗುತ್ತೀರಿ ಅನ್ನುವುದನ್ನು ಕರಾರಿನಲ್ಲೇ ಬರೆಸಿ. ಫ್ಯಾನ್ ಎಷ್ಟು, ಗೀಸರ್, ಸೋಲಾರ್, ಯುಪಿಎಸ್, ಚಿಮಣಿ, ಪರದೆ ಸರಳು, ಎಲ್ಲಾ. ನಾವು ಫ್ಯಾನಿನವರೆಗೆ ಬರೆಸಿದೆವು. ಉಯ್ಯಾಲೆ ಮರೆತೆವು. ಬಿಚ್ಚಲು ಬಡಗಿಯನ್ನು ಕರೆದ ದಿನ ಕೊಂಡವರ ಪುಟ್ಟ ಮಗಳು ಅದರ ಮೇಲೆ ಕೂತು ಇಳಿಯಲೇ ಇಲ್ಲ. ಅವರಪ್ಪ ನನ್ನ ಮುಖ ನೋಡಿದರು. "ಸೂರಿಗೆ ತೂಗುಹಾಕಿದೆಯಲ್ಲ ಮೇಡಂ, ಮನೆಯ ಜೊತೆಗೇ ಅಂದುಕೊಂಡಿದ್ದೆವು" ಅಂದರು. ಬಡಗಿಗೆ ಆಟೋ ದುಡ್ಡು ಕೊಟ್ಟು ಕಳಿಸಿದೆ. ಅತ್ತೆ ಈಗಲೂ ತಿಂಗಳಿಗೊಮ್ಮೆಯಾದರೂ "ಆ ಉಯ್ಯಾಲೆ ನಮ್ಮ ತಂದೆ ಮಾಡಿಸಿದ್ದು ಕಣೇ" ಅನ್ನುತ್ತಾರೆ.