ಕಾಲಂ ಬದಲಿಸುವ ಮೊದಲು ಮಲ್ಟಿಮೀಟರ್ ಹಿಡಿಯಿರಿ

ಸ್ಟೀರಿಂಗ್ ಕಲ್ಲಿನಂತೆ ಬಿಗಿ, ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ. ಗ್ಯಾರೇಜಿಗೆ ಹೋದರೆ 'ಕಾಲಂ (ಸ್ಟೀರಿಂಗ್ ಚಕ್ರ ಕೂರುವ ದಂಡ) ಹೋಗಿದೆ, ಇಡಿಯಾಗಿ ಹಾಕಬೇಕು' ಎನ್ನುತ್ತಾರೆ. ಹಾಗೆ ಹಾಕಿಸಿ, ದುಡ್ಡು ಕೊಟ್ಟು, ಮರುವಾರ ಅದೇ ದೀಪ ನೋಡಿದವರನ್ನು ಬಲ್ಲೆ. ಅನೇಕ ಸಣ್ಣ ಕಾರುಗಳಲ್ಲಿ ಕಾಲಂಗೆ ಕೂಡಿಸಿದ ಮೋಟಾರೇ ಚಕ್ರ ತಿರುಗಿಸಲು ನೆರವಾಗುತ್ತದೆ. ಅದು ಮೊದಲು ಕೇಳುವುದು ಒಳ್ಳೆಯ ಕರೆಂಟು.

ಮೊದಲು ಟೈರಿನ ಗಾಳಿ ನೋಡಿ. ದೀಪ ಹೊತ್ತದೆ ಬರೀ ಭಾರವಾಗಿದ್ದರೆ ದೋಷ ಅಲ್ಲಿರಬಹುದು.

ಎರಡನೆಯದು ಬ್ಯಾಟರಿ. ವೋಲ್ಟ್ ಅಳೆಯುವ ಮಲ್ಟಿಮೀಟರಿನಲ್ಲಿ ಎಂಜಿನ್ ಆಫ್ ಇದ್ದಾಗ ಸುಮಾರು 12.6 ವೋಲ್ಟ್, ಓಡುವಾಗ ಸಾಮಾನ್ಯವಾಗಿ 13.8ರಿಂದ 14.5 ಬರಬೇಕು. ಬಾನೆಟ್ ಕೆಳಗಿನ ದೊಡ್ಡ ಫ್ಯೂಸನ್ನೂ ನೋಡಿಬಿಡಿ.

ಎಲ್ಲರೂ ಎಡವುವುದು ಮೂರನೆಯದರಲ್ಲಿ, ವೈರಿಂಗಿನಲ್ಲಿ. ಎಂಜಿನ್ ಆಫ್ ಮಾಡಿ ತಂತಿಗೆ ಮೀಟರ್ ಹಚ್ಚಿ, '12 ಬಂತು, ವೈರಿಂಗ್ ಸರಿಯಿದೆ' ಎಂದು ಎದ್ದುಬಿಡುತ್ತಾರೆ. ಒಂದೇ ಎಳೆ ಉಳಿದ ತಂತಿಯೂ 12 ತೋರಿಸುತ್ತದೆ! ಹಗ್ಗ ಸವೆದಿದೆಯೋ ಇಲ್ಲವೋ ತಿಳಿಯುವುದು ಕೊಡ ತುಂಬಿ ಮೇಲೆಳೆದಾಗ. ಆದ್ದರಿಂದ ಗೇರನ್ನು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಚಾಲೂ ಇಡಿ. ಮೀಟರ್ 20 ವೋಲ್ಟ್ ಡಿಸಿಯಲ್ಲಿರಲಿ. ಮೀಟರಿನ ಕಪ್ಪು ಕಡ್ಡಿ ಬ್ಯಾಟರಿಯ ಮೈನಸ್ ಕಡೆಯ ಸೀಸದ ಗೂಟದ ಮೇಲೆಯೇ. ಕ್ಲಾಂಪಿನ ಮೇಲಲ್ಲ, ಅದೂ ಆರೋಪಿಯೇ. ಕೆಂಪು ಕಡ್ಡಿ ಸ್ಟೀರಿಂಗ್ ಇಸಿಯುವಿನ (ಮೋಟಾರನ್ನು ನಿಯಂತ್ರಿಸುವ ಕಂಪ್ಯೂಟರ್ ಪೆಟ್ಟಿಗೆ) ಅರ್ತಿಂಗ್ ತಂತಿಯ ಮೇಲೆ. ಈಗ ಒಳಗೆ ಕುಳಿತವರು ಸ್ಟೀರಿಂಗನ್ನು ಅತ್ತಿತ್ತ ತಿರುಗಿಸಲಿ. ಮೋಟಾರು ಹತ್ತಾರು ಆಂಪಿಯರ್ ಎಳೆಯುವುದು ಆಗಲೇ. ಮೀಟರ್ 0.2ರ ಒಳಗಿದ್ದರೆ ಸೈ; 0.5 ದಾಟಿದರೆ ಅರ್ತಿಂಗ್ ಬೋಲ್ಟ್ ಬಿಚ್ಚಿ, ಲೋಹ ಹೊಳೆಯುವವರೆಗೆ ಎಮರಿ ಕಾಗದದಲ್ಲಿ ಉಜ್ಜಿ. ಪ್ಲಸ್ ಕಡೆಗೂ ಇದೇ ಪರೀಕ್ಷೆ: ಬ್ಯಾಟರಿಯ ಪ್ಲಸ್ಸಿನಿಂದ ಇಸಿಯುವಿನ ದಪ್ಪ ತಂತಿಗೆ. ಸ್ಪ್ರೇ ಹೊಡೆದು ಕೈ ತೊಳೆದುಕೊಳ್ಳುವುದು ನನಗಂತೂ ಒಪ್ಪಿಗೆಯಿಲ್ಲ. ತುಕ್ಕು ಒಳಗೇ ಉಳಿಯುತ್ತದೆ.

ಹಾರ್ನ್ ಸತ್ತು, ಏರ್‌ಬ್ಯಾಗ್ ದೀಪವೂ ಹೊತ್ತಿದ್ದರೆ ಅನುಮಾನ ಕ್ಲಾಕ್ ಸ್ಪ್ರಿಂಗ್ ಮೇಲೆ, ಅಂದರೆ ಸ್ಟೀರಿಂಗ್ ಚಕ್ರದ ಹಿಂದಿನ ಸುರುಳಿ ತಂತಿಯ ಮೇಲೆ. ಅಲ್ಲಿನ ಹಳದಿ ಕನೆಕ್ಟರಿಗೆ ಮೀಟರ್ ಚುಚ್ಚಲೇಬೇಡಿ, ಏರ್‌ಬ್ಯಾಗ್ ಸಿಡಿದೀತು.

ಕೊನೆಗೆ ಸ್ಕ್ಯಾನರ್, ಕಾರಿನ ದೋಷದ ಕೋಡುಗಳನ್ನು ಓದುವ ಸಾಧನ. ಅಗ್ಗದ ಬ್ಲೂಟೂತ್ ಸಾಧನಗಳಲ್ಲಿ ಹೆಚ್ಚಿನವು ಎಂಜಿನ್ನಿನ ಕೋಡನ್ನಷ್ಟೇ ಓದಿ 'ದೋಷವಿಲ್ಲ' ಎನ್ನುತ್ತವೆ. ಸ್ಟೀರಿಂಗಿನ 'ಸಿ' (ಚಾಸಿ) ಕೋಡುಗಳನ್ನು ಓದಬಲ್ಲದ್ದೇ ಬೇಕು. ಅಳಿಸುವ ಮೊದಲು ಫೋಟೊ ತೆಗೆದಿಡಿ. ತಂತಿಗಳೆಲ್ಲ ಸರಿಯಿದ್ದೂ ಟಾರ್ಕ್ ಸೆನ್ಸರಿನ (ಸ್ಟೀರಿಂಗ್ ತಿರುಗಿಸುವ ಬಲ ಅಳೆಯುವ ಸಾಧನ) ಕೋಡ್ ಮರಳಿ ಬಂದರೆ ಆಗ ಕಾಲಂ ಬಿಚ್ಚಿಸಿ. ಹೊಸದು ಕೂರಿಸಿದ ಮೇಲೆ ಸೆನ್ಸರಿನ ಸೊನ್ನೆ ಸ್ಥಾನವನ್ನು ಸ್ಕ್ಯಾನರಿನಲ್ಲಿ ಹೊಂದಿಸದೆ ಗ್ಯಾರೇಜ್ ಬಿಡಬೇಡಿ, ಇಲ್ಲದಿದ್ದರೆ ಕಾರು ಒಂದೇ ಪಕ್ಕಕ್ಕೆ ಎಳೆಯಬಹುದು.