ಎರೆ ಭೂಮಿಯಲ್ಲಿ ಪಾಯ: ತೆಗೆದ ಮಣ್ಣನ್ನು ವಾಪಸ್ ತುಂಬಲಿಲ್ಲ

ನವಲಗುಂದ, ನರಗುಂದ, ರೋಣ ಕಡೆಯ ಎರೆ ಭೂಮಿ ಜೋಳ, ಕಡಲೆ, ಹತ್ತಿಗೆ ಹೇಳಿ ಮಾಡಿಸಿದ್ದು. ಮನೆ ಕಟ್ಟೋಕೆ ಮಾತ್ರ ಬಲು ತಂಟೆಯ ಮಣ್ಣು. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತದೆ, ಮಳೆ ಬಿದ್ದರೆ ಉಬ್ಬಿ ಮುಚ್ಚಿಕೊಳ್ಳುತ್ತದೆ. ಅದರಲ್ಲಿರುವ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ನೀರು ಹೀರಿ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಎರಡು ಮೂರು ಅಂತಸ್ತಿನ ಕಟ್ಟಡ ತನ್ನ ಭಾರದಿಂದಲೇ ಅದನ್ನು ಸ್ವಲ್ಪ ಅದುಮಿ ಹಿಡಿಯುತ್ತದೆ. ಒಂದೇ ಅಂತಸ್ತಿನ ಮನೆ ಹಗುರ, ಅದನ್ನು ಈ ಮಣ್ಣು ಎತ್ತಿಯೇ ಬಿಡುತ್ತದೆ.

ನವಲಗುಂದದ ಹತ್ತಿರ ರೈತರೊಬ್ಬರಿಗೆ ಅಂಥದ್ದೇ ಮನೆ ಕಟ್ಟಿಕೊಟ್ಟೆ. ಗೋಡೆಗಳಿಗೆ ಅಂಡರ್ ರೀಮ್ಡ್ ಪೈಲ್, ಅಂದರೆ ನೆಲ ಕೊರೆದು ಇಳಿಸುವ, ಬುಡ ಅಗಲವಾದ ಕಾಂಕ್ರೀಟ್ ಕಂಬ ಹಾಕಿದೆವು. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ರೂಪಿಸಿದ ಪದ್ಧತಿ ಇದು. ಸುಮಾರು ಮೂರೂವರೆ ಮೀಟರ್ ಕೆಳಗೆ ಹೋಗಿ, ತುದಿಯಲ್ಲಿ ಕಂಬದ ಎರಡೂವರೆ ಪಟ್ಟು ಅಗಲದ ಗಡ್ಡೆ. ಅಷ್ಟು ಆಳದಲ್ಲಿ ಮಣ್ಣಿನ ತೇವ ಹೆಚ್ಚು ಬದಲಾಗುವುದಿಲ್ಲ. ಪೈಲ್‌ಗಳ ಮೇಲೆ ಕೂತು ಗೋಡೆ ಹೊರುವ ಪ್ಲಿಂತ್ ಬೀಮಿನ ಕೆಳಗೂ ಮೂರು ನಾಲ್ಕು ಇಂಚು ಸಂದು ಬಿಟ್ಟೆವು, ಮಣ್ಣು ಉಬ್ಬಿದರೂ ಬೀಮಿಗೆ ತಾಗಬಾರದು ಅಂತ. ಗೋಡೆ ಚಿಂತೆ ಅಲ್ಲಿಗೆ ಮುಗಿಯಿತು. ಆದರೆ ಮನೆಯೊಳಗಿನ ನೆಲ ಪೈಲ್ ಮೇಲೆ ಕೂತಿರೋದಿಲ್ಲ, ಅಲ್ವಾ? ಅದು ಕೂರೋದು ಭರ್ತಿ ಮಣ್ಣಿನ ಮೇಲೆ. ಗೋಡೆ ಗಟ್ಟಿಯಾಗಿದ್ದು, ಟೈಲ್ಸ್ ಎದ್ದು ಬಾಗಿಲು ತಡೆಯುವ ಮನೆಗಳನ್ನು ಈ ಭಾಗದಲ್ಲಿ ಬೇಕಾದಷ್ಟು ನೋಡಿದ್ದೇನೆ.

ಹಾಗಾಗಿ ಪೈಲ್ ಕೊರೆಯುವ ಮುಂಚೆಯೇ ಇಡೀ ಮನೆಯ ಜಾಗದಲ್ಲಿ, ಸುತ್ತ ಒಂದು ಮೀಟರ್ ಹೆಚ್ಚಿಗೆ ಸೇರಿಸಿ, ಒಂದು ಮೀಟರ್ ಆಳ ಎರೆ ಮಣ್ಣು ತೆಗೆಸಿದೆ. ಅಲ್ಲಿ ತುಂಬೋಕೆ ಹೊರಗಿನಿಂದ ಗರಸು, ಅಂದರೆ ಸಣ್ಣ ಕಲ್ಲು ಬೆರೆತ ಮಣ್ಣು, ತರಿಸುವ ಯೋಚನೆ. ಯಜಮಾನರು ಗುಡ್ಡೆ ನೋಡಿ, “ಇಷ್ಟ್ ಮಣ್ಣ ಇಲ್ಲೇ ಐತಲ್ರಿ, ಮತ್ತ ರೊಕ್ಕ ಕೊಟ್ಟು ಗರಸ ಯಾಕ ತರಸ್ತೀರಿ?” ಅಂದರು. ನ್ಯಾಯವಾದ ಪ್ರಶ್ನೆ. ಬಾಯಲ್ಲಿ ಹೇಳಿದ್ದರೆ ನಂಬುತ್ತಿರಲಿಲ್ಲ. ಒಣಗಿಸಿ ಜರಡಿ ಹಿಡಿದ ಎರೆ ಮಣ್ಣನ್ನು ಹತ್ತತ್ತು ಗ್ರಾಂ ತೂಗಿ ಎರಡು ಗಾಜಿನ ಅಳತೆ ಜಾಡಿಗೆ ಹಾಕಿದೆ. ಒಂದಕ್ಕೆ ಸೀಮೆಎಣ್ಣೆ, ಒಂದಕ್ಕೆ ಡಿಸ್ಟಿಲ್ಡ್ ವಾಟರ್. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. 24 ಗಂಟೆ ಬಿಟ್ಟು ನೋಡಿದರೆ, ನೀರಿನ ಜಾಡಿಯಲ್ಲಿ ಮಣ್ಣಿನ ಮಟ್ಟ ಇನ್ನೊಂದರ ಎರಡರಷ್ಟನ್ನೂ ದಾಟಿತ್ತು. ಅಂದರೆ ಉಬ್ಬು 100 ಪರ್ಸೆಂಟ್‌ಗಿಂತ ಜಾಸ್ತಿ. ರಸ್ತೆ ಕೆಲಸದ ನಿಯಮದಲ್ಲಿ 50 ದಾಟಿದ ಮಣ್ಣನ್ನು ಭರ್ತಿಗೆ ಹಾಕುವ ಹಾಗೇ ಇಲ್ಲ. ಯಜಮಾನರು ಜಾಡಿ ಎತ್ತಿ ಎತ್ತಿ ನೋಡಿದರು, ಮರುದಿನವೇ ಟ್ರ್ಯಾಕ್ಟರ್ ತರಿಸಿ ಆ ಮಣ್ಣನ್ನೆಲ್ಲ ಹೊಲಕ್ಕೆ ಹೊಡೆಸಿದರು.

ಗರಸು ಆರಿಸುವಾಗಲೂ ಅದೇ ಟೆಸ್ಟ್. ಎರಡೂ ಜಾಡಿಯ ಮಟ್ಟ ಹೆಚ್ಚು ಕಡಿಮೆ ಒಂದೇ ಇರಬೇಕು. ಹಾಗಂತ ಬರೀ ಕಲ್ಲುಪುಡಿಯಂಥ ಸಡಿಲ ಗರಸೂ ಬೇಡ, ಹಿಡಿದರೆ ಅಂಟಿಕೊಳ್ಳುವಷ್ಟು ಜಿಗುಟು ಇರಬೇಕು. ಕೆಲವರು ಮರಳು ತುಂಬಿಸುತ್ತಾರೆ. ಎರೆ ಭೂಮಿಯಲ್ಲಿ ನನಗದು ಸರಿ ಕಾಣೋದಿಲ್ಲ. ಮರಳಿಗೆ ಇಳಿದ ನೀರು ಆಚೆ ಹೋಗದೆ ಅಲ್ಲೇ ತೊಟ್ಟಿಯ ಹಾಗೆ ನಿಂತು, ಕೆಳಗಿನ ಎರೆ ಮಣ್ಣಿಗೆ ನಿಧಾನಕ್ಕೆ ಕುಡಿಸುತ್ತಿರುತ್ತದೆ.

ಜಾಸ್ತಿ ಜಗ್ಗಾಟ ಆಗಿದ್ದು ದಮ್ಮಸ್ ಮಾಡುವಾಗ, ಅಂದರೆ ತುಂಬಿದ ಗರಸನ್ನು ಬಡಿದು ಗಟ್ಟಿ ಮಾಡುವಾಗ. “ನೀರ ಬಿಟ್ರ ರಾತ್ರಿಗೆ ತಾನ ಕುಂದರತೈತ್ರಿ ಸಾಹೇಬ್ರ, ಮಷಿನ್ ಬಾಡಿಗಿ ಯಾಕ?” ಅಂದರು ಮೇಸ್ತ್ರಿ. ಬೇರೆ ಮಣ್ಣಿನ ಊರಲ್ಲಿ ಅದು ನಡೆದೀತು. ಇಲ್ಲಿ ಬಿಟ್ಟ ನೀರೆಲ್ಲ ತಳದ ಎರೆಗೆ ಇಳಿಯುತ್ತದೆ, ಮನೆ ಏಳುವ ಮುಂಚೆಯೇ ಅದನ್ನು ಉಬ್ಬಿಸಿದ ಹಾಗಾಗುತ್ತದೆ. ಗರಸನ್ನು ಹೊರಗೇ ಹದ ಮಾಡಿ ತಂದು ಹಾಕಿಸಿದೆ. ಹದ ನೋಡೋದು ಸುಲಭ. ಮುಷ್ಟಿಯಲ್ಲಿ ಹಿಚುಕಿದರೆ ಉಂಡೆ ಆಗಬೇಕು, ಕೈಗೆ ನೀರು ಹತ್ತಬಾರದು. ಸೊಂಟದ ಎತ್ತರದಿಂದ ಬಿಟ್ಟರೆ ಎರಡು ಮೂರು ಹೋಳಾಗಬೇಕು. ಪುಡಿಪುಡಿಯಾದರೆ ನೀರು ಸಾಲದು, ಚಪ್ಪಟೆಯಾಗಿ ಕೂತರೆ ಜಾಸ್ತಿ ಆಗಿದೆ.

ಒಂದು ಸಲಕ್ಕೆ 20 ಸೆಂಟಿಮೀಟರ್ ಹರಡಿ ಮಷಿನ್ ಓಡಿಸಿದೆವು. ಅದಕ್ಕಿಂತ ದಪ್ಪ ಹಾಕಿದರೆ ಮೇಲೆ ಗಟ್ಟಿ, ಒಳಗೆ ಪೊಳ್ಳು. ಪೈಲ್ ಸುತ್ತ, ಬೀಮಿನ ಮಗ್ಗುಲಲ್ಲಿ ಮಷಿನ್ ಹೋಗೋದಿಲ್ಲ. ಅಲ್ಲಿ ಕೈ ದಮ್ಮಸೇ ಗತಿ, ಆಳುಗಳು ಮೈಗಳ್ಳತನ ಮಾಡೋದೂ ಅಲ್ಲೇ. ಅದಕ್ಕೇ ಮಣ್ಣು ಎಷ್ಟು ಗಟ್ಟಿ ಕೂತಿದೆ ಅಂತ ನೋಡೋಕೆ ಮಾದರಿ ತೆಗೆಯುವ ಉಕ್ಕಿನ ಕೊಳವೆ, ಕೋರ್ ಕಟರ್ ಅನ್ನು ಸುಮ್ನೆ ನಡುಮಧ್ಯ ಹೊಡೆಸದೆ ಮೂಲೆಗಳಲ್ಲೇ ಹೊಡೆಸಿದೆ. ಲ್ಯಾಬಿನ ಪ್ರಾಕ್ಟರ್ ಸಾಂದ್ರತೆಯ (ಅದೇ ಮಣ್ಣನ್ನು ಲ್ಯಾಬಿನಲ್ಲಿ ಬಡಿದಾಗ ಬರುವ ಗರಿಷ್ಠ ಒಣ ಸಾಂದ್ರತೆ) 95 ಪರ್ಸೆಂಟ್ ಬರದ ಕಡೆ ಕೆದರಿ ಮತ್ತೆ ಬಡಿಸಿದೆ.

ಕೆಲಸ ಶುರು ಮಾಡಿದ್ದು ಡಿಸೆಂಬರ್‌ನಲ್ಲಿ. ಹಿಂಗಾರು ಮುಗಿದು ಮಣ್ಣಲ್ಲಿ ಇನ್ನೂ ಹಸಿ ಇರುತ್ತದೆ, ಬಿರುಕು ಬಿಟ್ಟಿರೋದಿಲ್ಲ. ತೆಗೆದ ಗುಂಡಿಯನ್ನು ಬಿಸಿಲಿಗೆ ಬಿಡದೆ ಬೇಗ ಮುಚ್ಚಬೇಕು.

ಮನೆ ಮುಗಿದ ಮೇಲೆ ಸುತ್ತ ಐದಡಿ ಅಗಲದ ಕಾಂಕ್ರೀಟ್ ಪಟ್ಟಿ, ಹೊರಕ್ಕೆ ಇಳಿಜಾರು ಕೊಟ್ಟು ಹಾಕಿಸಿದೆ. ಗೋಡೆ ಪಕ್ಕ ಬೇವಿನ ಸಸಿ ನೆಡಬೇಕು ಅಂತಿದ್ದರು, ಹಿತ್ತಲ ಕೊನೆಗೆ ಹಾಕಿಸಿದೆ. ಬಚ್ಚಲು, ಅಡುಗೆಮನೆಯ ಪೈಪುಗಳಿಗೆ ಟೈಲ್ಸ್ ಹಾಕುವ ಮುಂಚೆಯೇ ನೀರು ತುಂಬಿಸಿ, ಬಾಯಿ ಕಟ್ಟಿ, ಒಂದು ರಾತ್ರಿ ಬಿಟ್ಟು ಮಟ್ಟ ಇಳಿದಿದೆಯಾ ನೋಡಿಕೊಂಡೆ. ನೆಲದೊಳಗೆ ಒಂದು ಜಾಯಿಂಟ್ ಸೋರಿದರೂ ಭರ್ತಿಗೆ ಮಾಡಿದ ಖರ್ಚು ನೀರಲ್ಲಿ ಹೋಮ.