ಕ್ರೋನೊಗ್ರಾಫ್ ವಾಚು: ಮೊದಲು ಮುಳ್ಳುಗಳ ಪರಿಚಯ, ಆಮೇಲೆ ಗುಂಡಿ

ಹೊಸ ಕ್ರೋನೊಗ್ರಾಫ್ ವಾಚು, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ, ಕಟ್ಟಿಕೊಂಡ ಬಹಳ ಮಂದಿಗೆ ಮೊದಲ ದಿನವೇ ಒಂದು ಗಾಬರಿ ಕಾದಿರುತ್ತದೆ. ಡಯಲ್ ನಡುವಿನ ಉದ್ದನೆಯ ಸೆಕೆಂಡ್ ಮುಳ್ಳು 12ರ ಮೇಲೆ ಅಲುಗಾಡದೆ ನಿಂತಿರುತ್ತದೆ. ವಾಚು ಕೆಟ್ಟಿದೆ ಎಂದು ಅಂಗಡಿಗೆ ವಾಪಸು ಒಯ್ದವರೂ ಇದ್ದಾರೆ. ವಾಚು ಕೆಟ್ಟಿಲ್ಲ. ದಿನದ ಹೊತ್ತು ತೋರಿಸುವುದು ಆ ಮುಳ್ಳಿನ ಕೆಲಸವೇ ಅಲ್ಲ. ನೀವು ಗುಂಡಿ ಒತ್ತಿದಾಗ ಹೊರಡುವುದು, ಮತ್ತೆ ಒತ್ತಿದಾಗ ನಿಲ್ಲುವುದು ಅದರ ಕೆಲಸ. ಈ ಒಂದು ಸಂಗತಿ ತಲೆಗೆ ಹೋದರೆ ಉಳಿದದ್ದು ಕಷ್ಟವಲ್ಲ. ಹಾಗಾಗಿ ನನ್ನ ಮೊದಲ ಸಲಹೆ: ಹತ್ತು ನಿಮಿಷ ಯಾವ ಗುಂಡಿಯನ್ನೂ ಮುಟ್ಟಬೇಡಿ. ವಾಚನ್ನು ಬೆಳಕಿಗೆ ಹಿಡಿದು ಡಯಲನ್ನು ಓದಿ.

ಒಂದು ಡಯಲ್, ಎರಡು ಗಡಿಯಾರ

ಈ ವಾಚಿನೊಳಗೆ ಎರಡು ಗಡಿಯಾರಗಳಿವೆ ಎಂದುಕೊಳ್ಳಿ. ಒಂದು ಸದಾ ಓಡುವ ಮಾಮೂಲಿ ಗಡಿಯಾರ: ನಡುವಿನ ಗಂಟೆ ಮುಳ್ಳು, ನಿಮಿಷದ ಮುಳ್ಳು, ಜೊತೆಗೆ ಚಿಕ್ಕ ಡಯಲೊಂದರಲ್ಲಿ ಓಡುವ ಪುಟ್ಟ ಸೆಕೆಂಡ್ ಮುಳ್ಳು. ಇನ್ನೊಂದು ಸ್ಟಾಪ್‌ವಾಚ್: ನಡುವಿನ ಉದ್ದನೆಯ ಮುಳ್ಳು, ಕಳೆದ ನಿಮಿಷ ಎಣಿಸುವ ಚಿಕ್ಕ ಡಯಲ್, ಕೆಲವು ವಾಚುಗಳಲ್ಲಿ ಗಂಟೆ ಎಣಿಸುವ ಮತ್ತೊಂದು.

ಚಿಕ್ಕ ಡಯಲ್‌ಗಳ ಜಾಗ ಒಂದೊಂದು ವಾಚಿನಲ್ಲಿ ಒಂದೊಂದು ಬಗೆ. ಅದನ್ನು ಬಾಯಿಪಾಠ ಮಾಡಿ ಪ್ರಯೋಜನವಿಲ್ಲ. ಒಳಗಿನ ಅಂಕಿ ನೋಡಿ. 30 ಎಂದಿದ್ದರೆ ನಿಮಿಷ, 12 ಎಂದಿದ್ದರೆ ಗಂಟೆ. 60 ಎಂದಿರುವುದು ಮಾತ್ರ ಗೊಂದಲ ಹುಟ್ಟಿಸುತ್ತದೆ, ಏಕೆಂದರೆ ಅದು ಮಾಮೂಲಿ ಸೆಕೆಂಡೂ ಆಗಿರಬಹುದು, ಸ್ಟಾಪ್‌ವಾಚಿನ ನಿಮಿಷವೂ ಆಗಿರಬಹುದು. ಸ್ವಲ್ಪ ಹೊತ್ತು ಸುಮ್ಮನೆ ನೋಡುತ್ತಿರಿ. ಯಾವ ಪುಟ್ಟ ಮುಳ್ಳು ತಾನಾಗಿ ಓಡುತ್ತಿದೆಯೋ ಅದೇ ಮಾಮೂಲಿ ಸೆಕೆಂಡ್. 24 ಎಂಬ ಅಂಕಿ ಇರುವ ಡಯಲ್ ಸ್ಟಾಪ್‌ವಾಚಿಗೆ ಸೇರಿದ್ದಲ್ಲ. ಅದು ಸಾಮಾನ್ಯವಾಗಿ ಗಂಟೆ ಮುಳ್ಳಿನ ಜೊತೆಗೇ ತಿರುಗುತ್ತಾ ಈಗ ಹಗಲೋ ರಾತ್ರಿಯೋ ಎಂಬುದನ್ನು ಮಾತ್ರ ಹೇಳುತ್ತದೆ.

ಹೆಸರಿನ ಬಗ್ಗೆ ಒಂದು ಮಾತು. ಗ್ರೀಕ್ ಭಾಷೆಯಲ್ಲಿ 'ಕ್ರೋನೊಸ್' ಎಂದರೆ ಕಾಲ, 'ಗ್ರಾಫೈನ್' ಎಂದರೆ ಬರೆಯುವುದು. 1821ರಲ್ಲಿ ಪ್ಯಾರಿಸ್ಸಿನ ಕುದುರೆ ಓಟದಲ್ಲಿ ನಿಕೊಲಾ ರಿಯೊಸೆಕ್ ಬಳಸಿದ ಯಂತ್ರ ನಿಜಕ್ಕೂ ಡಯಲ್ ಮೇಲೆ ಶಾಯಿಯ ಚುಕ್ಕೆ ಇಟ್ಟು ಹೊತ್ತನ್ನು ಬರೆಯುತ್ತಿತ್ತು. ಶಾಯಿ ಹೋಯಿತು, ಹೆಸರು ಉಳಿಯಿತು. ಇದನ್ನು 'ಕ್ರೋನೊಮೀಟರ್' ಜೊತೆ ಬೆರೆಸಬೇಡಿ. ಅದು ನಿಖರತೆಯ ಪರೀಕ್ಷೆಯಲ್ಲಿ ತೇರ್ಗಡೆಯಾದ ಗಡಿಯಾರದ ಹೆಸರು.

ಹೊತ್ತು, ತಾರೀಖು ಹೊಂದಿಸುವುದು

ಬಲಬದಿಯ ನಡುವೆ ಕೀಲಿ ಕೊಡುವ ತಿರುಗುಗುಂಡಿ ಇದೆ. ಅದೇ ಕ್ರೌನ್. ಉಗುರಿನಿಂದ ಮೆಲ್ಲಗೆ ಎಳೆದರೆ ಮೊದಲ ಮೆಟ್ಟಿಲು, ಸಾಮಾನ್ಯವಾಗಿ ತಾರೀಖಿನದು. ಇನ್ನೊಂದು ಸಲ ಎಳೆದರೆ ಎರಡನೆಯ ಮೆಟ್ಟಿಲು, ಹೊತ್ತಿನದು. ಎಳೆಯುವ ಮುನ್ನ ಸ್ಟಾಪ್‌ವಾಚ್ ಓಡುತ್ತಿಲ್ಲವೆಂದು ನೋಡಿಕೊಳ್ಳಿ.

ಇಲ್ಲಿ ಒಂದು ಎಚ್ಚರ ಬೇಕು. ರಾತ್ರಿ ಸುಮಾರು 9ರಿಂದ ಬೆಳಗಿನ ಜಾವ 3ರವರೆಗೆ ತಾರೀಖು ತಿರುಗಿಸುವ ಹಲ್ಲುಚಕ್ರ ತಾರೀಖಿನ ಬಿಲ್ಲೆಗೆ ಕಚ್ಚಿಕೊಂಡಿರುತ್ತದೆ. ಅನೇಕ ವಾಚುಗಳಲ್ಲಿ ಆ ಹೊತ್ತಿನಲ್ಲಿ ಮೊದಲ ಮೆಟ್ಟಿಲಿನಿಂದ ತಾರೀಖು ಬದಲಿಸಿದರೆ ಹಲ್ಲು ಮುರಿಯಬಹುದು. ಆ 9 ಮತ್ತು 3 ನಿಮ್ಮ ಮನೆಯ ಹೊತ್ತಲ್ಲ, ವಾಚಿನ ಮುಳ್ಳು ತೋರಿಸುವ ಹೊತ್ತು. ನಿಂತುಹೋದ ವಾಚಿನ ಮುಳ್ಳು 10ರಲ್ಲಿದ್ದರೆ ಅದು ಬೆಳಗಿನ ಹತ್ತೋ ರಾತ್ರಿಯ ಹತ್ತೋ ನಿಮಗೆ ತಿಳಿಯುವುದಿಲ್ಲ. ಆದ್ದರಿಂದ ಹೀಗೆ ಮಾಡಿ. ಮೊದಲು ಎರಡನೆಯ ಮೆಟ್ಟಿಲಿಗೆ ಎಳೆದು ಮುಳ್ಳುಗಳನ್ನು ಆರೂವರೆಗೆ ತನ್ನಿ. ಹಗಲಾಗಲಿ ರಾತ್ರಿಯಾಗಲಿ ಆರೂವರೆ ಅಪಾಯದ ಹೊತ್ತಲ್ಲ. ಬಳಿಕ ಮೊದಲ ಮೆಟ್ಟಿಲಿಗೆ ಒತ್ತಿ ನಿನ್ನೆಯ ತಾರೀಖು ಇಡಿ. ಮತ್ತೆ ಎರಡನೆಯ ಮೆಟ್ಟಿಲಿಗೆ ಎಳೆದು ಮುಳ್ಳುಗಳನ್ನು ಮುಂದಕ್ಕೆ ತಿರುಗಿಸುತ್ತಾ ಹೋಗಿ. ತಾರೀಖು ಇವತ್ತಿಗೆ ಹೊರಳಿದೊಡನೆ ವಾಚಿನಲ್ಲಿ ಮಧ್ಯರಾತ್ರಿ ದಾಟಿತು. ಅಲ್ಲಿಂದ ಈಗಿನ ಹೊತ್ತಿಗೆ ತಂದು ಕ್ರೌನ್ ಒಳಗೊತ್ತಿ. ಮಧ್ಯಾಹ್ನವಾಗಿದ್ದರೆ 12ನ್ನು ಇನ್ನೊಮ್ಮೆ ದಾಟಿಸಲು ಮರೆಯಬೇಡಿ. ಮರೆತರೆ ನಟ್ಟನಡು ಹಗಲಿನಲ್ಲಿ ತಾರೀಖು ಬದಲಾಗುತ್ತದೆ.

ಈಗ ಗುಂಡಿಗಳು

ಕ್ರೌನಿನ ಮೇಲೊಂದು ಕೆಳಗೊಂದು ಗುಂಡಿ. ಮೇಲಿನದು ಶುರು ಮತ್ತು ನಿಲುಗಡೆಗೆ, ಕೆಳಗಿನದು ಸೊನ್ನೆಗೆ ತರಲು. ಮೇಲಿನದನ್ನು ಒತ್ತಿ: ಉದ್ದನೆಯ ಮುಳ್ಳು 12ನ್ನು ಬಿಟ್ಟು ಹೊರಡುತ್ತದೆ. ಯಾಂತ್ರಿಕ ವಾಚಾದರೆ ಬೆರಳಿಗೆ ಒಂದು ಸಣ್ಣ ಪ್ರತಿರೋಧ, ಆಮೇಲೆ 'ಟಕ್' ಎಂಬ ಸ್ಪಷ್ಟ ಬಿಡುಗಡೆ. ಮತ್ತೆ ಒತ್ತಿದರೆ ಮುಳ್ಳು ನಿಲ್ಲುತ್ತದೆ. ನಿಂತ ಮೇಲೆ ಕೆಳಗಿನದನ್ನು ಒತ್ತಿದರೆ ಎಲ್ಲ ಎಣಿಕೆಯ ಮುಳ್ಳುಗಳೂ ಸೊನ್ನೆಗೆ ಮರಳುತ್ತವೆ. ಇದೇ ಸರದಿ: ಶುರು, ನಿಲುಗಡೆ, ಸೊನ್ನೆ.

ಓಡುತ್ತಿರುವಾಗಲೇ ಕೆಳಗಿನ ಗುಂಡಿ ಒತ್ತಬಹುದೇ? ವಾಚಿನ ಮೇಲೆ ಅವಲಂಬಿತ. ಬ್ಯಾಟರಿಯ ಅನೇಕ ವಾಚುಗಳಲ್ಲಿ ಹಾಗೆ ಒತ್ತಿದರೆ ಮುಳ್ಳು ಆ ಕ್ಷಣದ ಎಣಿಕೆ ತೋರಿಸಿ ನಿಲ್ಲುತ್ತದೆ, ಒಳಗೆ ಲೆಕ್ಕ ಮುಂದುವರಿಯುತ್ತದೆ; ಇನ್ನೊಮ್ಮೆ ಒತ್ತಿದರೆ ಮುಳ್ಳು ಓಡಿಹೋಗಿ ಲೆಕ್ಕವನ್ನು ಸೇರಿಕೊಳ್ಳುತ್ತದೆ. ಫ್ಲೈಬ್ಯಾಕ್ ಎಂಬ ಯಾಂತ್ರಿಕ ಬಗೆಯಲ್ಲಿ ಮುಳ್ಳು ಸೊನ್ನೆಗೆ ಹಾರಿ ಅಲ್ಲಿಂದಲೇ ಮತ್ತೆ ಓಡುತ್ತದೆ. ಇವೆರಡೂ ಅಲ್ಲದ ಸಾದಾ ಯಾಂತ್ರಿಕ ವಾಚಿನಲ್ಲಿ ಮಾತ್ರ ಒತ್ತಲೇಬೇಡಿ. ಗುಂಡಿ ಬಿಗಿಯಾಗಿದೆ ಎನಿಸಿದರೆ ಅದು ಬೇಡವೆನ್ನುತ್ತಿದೆ ಎಂದೇ ತಿಳಿಯಿರಿ, ಬಲ ಹಾಕಬೇಡಿ.

ನೋಡದೆಯೇ ಒತ್ತುವುದನ್ನು ರೂಢಿಸಿಕೊಳ್ಳಿ. ಕಣ್ಣು ಅಳೆಯುವ ಸಂಗತಿಯ ಮೇಲಿರಬೇಕು, ಬೆರಳು ಗುಂಡಿಯ ಮೇಲೆ. 1970ರಲ್ಲಿ ಅಪೊಲೊ 13 ಗಗನನೌಕೆ ಅಪಾಯಕ್ಕೆ ಸಿಕ್ಕಿದಾಗ ಹಾದಿ ತಿದ್ದಲು ಎಂಜಿನನ್ನು 14 ಸೆಕೆಂಡ್ ಉರಿಸಬೇಕಾಯಿತು. ಅದರಲ್ಲಿದ್ದ ಗಗನಯಾತ್ರಿ ಜ್ಯಾಕ್ ಸ್ವಿಗರ್ಟ್ ಆ ಹೊತ್ತನ್ನು ಅಳೆದದ್ದು ಮಣಿಕಟ್ಟಿನ ಕ್ರೋನೊಗ್ರಾಫ್‌ನಿಂದ. ನೀವು ಚಹಾ ಕುದಿಯುವ ಹೊತ್ತಿನಿಂದ ಶುರು ಮಾಡಿ.

ಎಣಿಕೆ ಓದುವಾಗ ತಪ್ಪುವುದೆಲ್ಲಿ

ನಿಮಿಷದ ಚಿಕ್ಕ ಮುಳ್ಳು 7ರ ಗೆರೆ ದಾಟಿದೆ, ಉದ್ದನೆಯದು 42ರಲ್ಲಿದೆ. ಅಂದರೆ 7 ನಿಮಿಷ 42 ಸೆಕೆಂಡ್. ಇಷ್ಟು ಸುಲಭ. ಆದರೆ ಉದ್ದನೆಯದು 58ರಲ್ಲಿ ನಿಂತಾಗ ನೋಡಿ. ಕೆಲವು ವಾಚುಗಳಲ್ಲಿ ನಿಮಿಷದ ಮುಳ್ಳು ಒಂದೇ ಸಲ ಜಿಗಿಯುವುದಿಲ್ಲ, ಮೆಲ್ಲಗೆ ಸರಿಯುತ್ತದೆ. ಆಗ ಅದು 8ರ ಗೆರೆಗೆ ಅಂಟಿಕೊಂಡಂತೆಯೇ ಕಾಣುತ್ತದೆ, ಅವಸರದಲ್ಲಿ 8 ನಿಮಿಷ 58 ಸೆಕೆಂಡ್ ಎಂದು ಓದಿಬಿಡುತ್ತೇವೆ. ನಿಜಕ್ಕೂ ಅದು 7 ನಿಮಿಷ 58. ಸೆಕೆಂಡ್ 60ರ ಹತ್ತಿರವಿದ್ದರೆ ನಿಮಿಷ ಇನ್ನೂ ತುಂಬಿಲ್ಲ.

30 ನಿಮಿಷದ ಡಯಲ್ ಇದ್ದರೆ ಇನ್ನೊಂದು ತೊಡಕು: 1 ಗಂಟೆ 5 ನಿಮಿಷವೂ 1 ಗಂಟೆ 35 ನಿಮಿಷವೂ ಅದರಲ್ಲಿ ಒಂದೇ ಥರ ಕಾಣುತ್ತವೆ. ಆಗ ಗಂಟೆಯ ಚಿಕ್ಕ ಮುಳ್ಳನ್ನು ಕೇಳಬೇಕು. ಅದು 1 ಮತ್ತು 2ರ ನಡುವಿನ ಅರ್ಧ ದಾಟಿಲ್ಲದಿದ್ದರೆ 5, ದಾಟಿದ್ದರೆ 35.

ಅಂಚಿನ ಅಂಕಿಗಳು

ಡಯಲಿನ ಸುತ್ತ 500ರಿಂದ ಇಳಿಯುತ್ತಾ 60ರವರೆಗೆ ಅಂಕಿಗಳಿದ್ದರೆ ಅದು ಟ್ಯಾಕಿಮೀಟರ್. 3600ನ್ನು ಸೆಕೆಂಡಿನಿಂದ ಭಾಗಿಸಿ ಬಂದ ಉತ್ತರವನ್ನು ಮೊದಲೇ ಅಚ್ಚು ಹಾಕಿಟ್ಟಿದ್ದಾರೆ, ಅಷ್ಟೆ. ಬಸ್ಸಿನ ಕಿಟಕಿಯ ಪಕ್ಕ ಕುಳಿತು ಒಂದು ಕಿಲೋಮೀಟರ್ ಕಲ್ಲು ಕಂಡಾಗ ಶುರು ಮಾಡಿ, ಮುಂದಿನ ಕಲ್ಲಿಗೆ ನಿಲ್ಲಿಸಿ. 45 ಸೆಕೆಂಡ್ ಆಗಿದ್ದರೆ ಮುಳ್ಳಿನ ತುದಿ 80ನ್ನು ತೋರಿಸುತ್ತದೆ: ಗಂಟೆಗೆ 80 ಕಿಲೋಮೀಟರ್. ವಾಹನ ಓಡಿಸುತ್ತಿರುವವರು ಈ ಪ್ರಯೋಗಕ್ಕೆ ಕೈ ಹಾಕಬಾರದು. ಒಂದು ನಿಮಿಷ ಮೀರಿದರೆ ಅಂಚಿನ ಅಂಕಿ ಕೆಲಸಕ್ಕೆ ಬಾರದು; ಆಗ ಅರ್ಧ ಕಿಲೋಮೀಟರ್ ಅಳೆದು, ಬಂದ ಅಂಕಿಯನ್ನೂ ಅರ್ಧ ಮಾಡಿ.

ಟೆಲಿಮೀಟರ್ ಇದ್ದರೆ ಮಿಂಚು ಕಂಡಾಗ ಒತ್ತಿ, ಗುಡುಗು ಕೇಳಿದಾಗ ನಿಲ್ಲಿಸಿ. ದೂರ ನೇರವಾಗಿ ಸಿಗುತ್ತದೆ. ಶಬ್ದ ಒಂದು ಕಿಲೋಮೀಟರ್ ಸಾಗಲು ಸುಮಾರು 3 ಸೆಕೆಂಡ್ ಬೇಕು, ಹಾಗಾಗಿ ಆ ಅಂಚು ಇಲ್ಲದವರೂ 3ರಿಂದ ಭಾಗಿಸಿಕೊಳ್ಳಬಹುದು. ಪಲ್ಸೋಮೀಟರ್ ಹಳೆಯ ವೈದ್ಯರ ನೆಚ್ಚಿನದು: 15 ಅಥವಾ 30, ಡಯಲ್ ಮೇಲೆ ಎಷ್ಟು ಎಂದು ಬರೆದಿದೆಯೋ ಅಷ್ಟು ನಾಡಿಬಡಿತ ಎಣಿಸಿ ನಿಲ್ಲಿಸಿದರೆ ನಿಮಿಷದ ಲೆಕ್ಕ ಮುಳ್ಳಿನ ತುದಿಯಲ್ಲಿರುತ್ತದೆ.

ಸೊನ್ನೆ ತಪ್ಪಿದರೆ, ನೀರು ತಗುಲಿದರೆ

ಬ್ಯಾಟರಿ ಬದಲಿಸಿದ ಮೇಲೆ ಅಥವಾ ಪೆಟ್ಟು ಬಿದ್ದ ಮೇಲೆ ಉದ್ದನೆಯ ಮುಳ್ಳು ಸರಿಯಾಗಿ 12ಕ್ಕೆ ಬಾರದೆ ಎರಡು ಗೆರೆ ಆಚೆ ನಿಲ್ಲುವುದುಂಟು. ಬ್ಯಾಟರಿಯ ಬಹುತೇಕ ವಾಚುಗಳಲ್ಲಿ ಇದನ್ನು ನೀವೇ ಸರಿಪಡಿಸಬಹುದು. ಕ್ರೌನನ್ನು ಕೊನೆಯ ಮೆಟ್ಟಿಲಿಗೆ ಎಳೆದು ಗುಂಡಿಯನ್ನು ಒಂದೊಂದೇ ಸಲ ಒತ್ತಿ. ಒತ್ತಿದಷ್ಟೂ ಮುಳ್ಳು ಒಂದೊಂದು ಹೆಜ್ಜೆ ಮುಂದಿಡುತ್ತದೆ. 12 ಮುಟ್ಟಿದಾಗ ಕ್ರೌನ್ ಒಳಗೊತ್ತಿ. ಯಾವ ಮುಳ್ಳಿಗೆ ಯಾವ ಗುಂಡಿ ಎಂಬುದು ಕೈಪಿಡಿಯಲ್ಲಿರುತ್ತದೆ. ಯಾಂತ್ರಿಕ ವಾಚಿನಲ್ಲಿ ಹೀಗಾದರೆ ರಿಪೇರಿಯವರಿಗೇ ಕೊಡಿ.

ನೀರಿನೊಳಗೆ ಗುಂಡಿ ಒತ್ತಬೇಡಿ, ಅದಕ್ಕೆಂದೇ ಮಾಡಿದ ವಾಚಲ್ಲದಿದ್ದರೆ. ಹಿಂಬದಿಯಲ್ಲಿ 30 ಮೀಟರ್ ಎಂದಿರುವುದು ಕೈ ತೊಳೆಯುವಾಗ ಸಿಡಿಯುವ ಹನಿಗಳಿಗೆ ಸಾಕಾದೀತು, ಈಜಿಗಲ್ಲ. ಕ್ರೌನ್ ತಿರುಪಿನಂತೆ ಬಿಗಿಯುವ ಬಗೆಯದಾದರೆ ಹೊತ್ತು ಹೊಂದಿಸಿದ ಮೇಲೆ ಬಿಗಿಯಲು ಮರೆಯಬೇಡಿ: ಒಳಗೊತ್ತಿ ಹಿಡಿದು ಮೊದಲು ಹಿಂದಕ್ಕೆ ತುಸು ತಿರುಗಿಸಿ, ಎಳೆ ಕೂತ ಸೂಕ್ಷ್ಮ ಸದ್ದು ಬೆರಳಿಗೆ ತಿಳಿದ ಮೇಲೆ ಮುಂದಕ್ಕೆ ತಿರುಗಿಸಿ ಬಿಗಿ ಮಾಡಿ.